ಡಾಕ್ಟರು ಹೇಳಿದ ಆ ಹನ್ನೊಂದು ತಿಂಗಳು



ಆವತ್ತು ಕಾರ್ಯಕ್ರಮ ಮುಗಿಸಿ ಸ್ಟುಡಿಯೋದಿಂದ ಹೊರಗೆ ಬರುವಷ್ಟರಲ್ಲಿ ಡೊಂಬಿವಲಿಯ ಕೇಳುಗರೊಬ್ಬರ ಫೋನ್. ಹಾಡಿನ ಕೋರಿಕೆ ಇರಬೇಕು ಅಂದುಕೊಂಡೆ. ಅಲ್ಲ. ಗದಗಿನಿಂದ ಕರೆತಂದ ಅಪ್ಪನಿಗೆ ಲಿವರ್ ಕ್ಯಾನ್ಸರ್, ಮುಂದುವರಿದ ಹಂತ. ಸೊರಾಫೆನಿಬ್ ಮಾತ್ರೆ ಶುರುವಾಗಿದೆ. "ಹನ್ನೊಂದು ತಿಂಗಳು ಅಂದಾರ್ರಿ ಡಾಕ್ಟರು. ಅಂದ್ರ ಮುಂದಿನ ಯುಗಾದಿ ನೋಡೂದಿಲ್ಲೇನ್ರಿ ನಮ್ಮಪ್ಪ?"

ನಾನು ಕನ್ನಡ ಬಿ.ಎ. ಓದಿದವನು, ವೈದ್ಯನಲ್ಲ. ಏನು ಹೇಳಲಿ? ಆದರೂ ಆ ಹನ್ನೊಂದು ಎಲ್ಲಿಂದ ಬಂತು ಎಂದು ಹುಡುಕಿದೆ, ಪರಿಚಯದ ವೈದ್ಯರೊಬ್ಬರನ್ನೂ ಕಾಡಿದೆ. ತಿಳಿದದ್ದು ಇಷ್ಟು.

2008ರಲ್ಲಿ ಪ್ರಕಟವಾದ 'ಶಾರ್ಪ್' ಎಂಬ ಅಧ್ಯಯನದಲ್ಲಿ 602 ರೋಗಿಗಳಿದ್ದರು. ಸೊರಾಫೆನಿಬ್ ತೆಗೆದುಕೊಂಡವರ ಬದುಕಿನ ಮಧ್ಯಾಂಕ 10.7 ತಿಂಗಳು, ಔಷಧವಿಲ್ಲದ ಹುಸಿಮಾತ್ರೆ ತೆಗೆದುಕೊಂಡವರದು 7.9. ಮಧ್ಯಾಂಕ ಅಂದರೆ ಸರಾಸರಿಯಲ್ಲ. ಹನ್ನೊಂದು ಜನರನ್ನು ಬದುಕಿದ ಅವಧಿಯ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಆರನೆಯವರ ಲೆಕ್ಕ ಅದು. ಐವರು ಅದಕ್ಕಿಂತ ಮೊದಲೇ ಹೋದವರು, ಐವರು ಅದನ್ನು ದಾಟಿದವರು. ಎಷ್ಟು ದೂರ ದಾಟಿದರು ಎಂಬುದನ್ನು ಆ ಸಂಖ್ಯೆ ಹೇಳುವುದೇ ಇಲ್ಲ. ಅದನ್ನು ಕ್ಯಾಲೆಂಡರಿನ ಮೇಲಿನ ತಾರೀಖಿನಂತೆ ಓದಿದರೆ ಮನೆಮಂದಿಯ ನಿದ್ದೆ ಹೋಗುತ್ತದೆ, ಅಷ್ಟೆ.

ಚಿಕಿತ್ಸೆ ಬದಲಾದಂತೆ ಸಾಲೂ ಬದಲಾಗುತ್ತದೆ. ಅಟೆಜೊಲಿಜುಮಾಬ್, ಬೆವಸಿಜುಮಾಬ್ ಎಂಬ ಎರಡು ಇಂಜೆಕ್ಷನ್‌ಗಳನ್ನು ಜೊತೆಯಾಗಿ ಕೊಟ್ಟ ಅಧ್ಯಯನದಲ್ಲಿ ಮಧ್ಯಾಂಕ 19.2 ತಿಂಗಳಿಗೆ ಏರಿತು. ಬೆಲೆ ಮಾತ್ರ ಎಲ್ಲರ ಕೈಗೆ ಎಟುಕುವಂಥದ್ದಲ್ಲ. ಅದೇ ಅಧ್ಯಯನದಲ್ಲಿ ಸೊರಾಫೆನಿಬ್ ತೆಗೆದುಕೊಂಡವರದು 13.4. ನೋಡಿ, ಮಾತ್ರೆ ಅದೇ, ಸಂಖ್ಯೆ ಬೇರೆ!

ನನಗೆ ಮುಖ್ಯವೆನಿಸಿದ್ದು ಇನ್ನೊಂದು ಸಂಗತಿ. ಈ ಅಧ್ಯಯನಗಳಿಗೆ ಸೇರಿದವರಲ್ಲಿ ಬಹುಪಾಲು ಜನರ ಲಿವರ್, ಗಡ್ಡೆಯಿದ್ದರೂ, ತನ್ನ ಕೆಲಸ ಚೆನ್ನಾಗಿಯೇ ಮಾಡುತ್ತಿತ್ತು. ಈ ಕಾಯಿಲೆಯಲ್ಲಿ ರೋಗಿಯ ಮೇಲಿರುವುದು ಎರಡು ಭಾರ: ಒಂದು ಗಡ್ಡೆ, ಇನ್ನೊಂದು ಹಲವರಲ್ಲಿ ಮೊದಲೇ ಗಂಟುಗಟ್ಟಿ ಸೋತ ಲಿವರ್. ಎರಡನೆಯದನ್ನು ಅಳೆಯಲು ಚೈಲ್ಡ್-ಪ್ಯೂ ಎಂಬ ಅಂಕಪಟ್ಟಿಯಿದೆ. ರಕ್ತದಲ್ಲಿ ಬಿಲಿರುಬಿನ್, ಆಲ್ಬುಮಿನ್, ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ, ಹೊಟ್ಟೆಯಲ್ಲಿ ನೀರು, ಬುದ್ಧಿ ಮಂಕಾಗುವುದು, ಹೀಗೆ ಐದಕ್ಕೂ ಒಂದರಿಂದ ಮೂರು ಅಂಕ. ಒಟ್ಟು 5-6 ಬಂದರೆ 'ಎ', 7ರಿಂದ 9 'ಬಿ', ಅದಕ್ಕೂ ಮೇಲೆ 'ಸಿ'. ಪರೀಕ್ಷೆಯಲ್ಲಿ ಹೆಚ್ಚು ಅಂಕ ಬಂದರೆ ಖುಷಿಪಡುವ ನಮಗೆ ಇದು ತಿರುಗುಮುರುಗು. 'ಬಿ'ಯಲ್ಲಿರುವವರಿಗೆ 'ಎ'ಯವರ ತಿಂಗಳುಗಳನ್ನು ಹೇಳುವುದೂ ಸರಿಯಲ್ಲ.

ಗಡ್ಡೆ ಲಿವರಿನ ದೊಡ್ಡ ರಕ್ತನಾಳಕ್ಕೆ ಇಳಿದಿದೆಯೇ, ಹೊರಗೆ ಹರಡಿದೆಯೇ, ರೋಗಿ ತನ್ನ ಕೆಲಸ ತಾನು ಮಾಡಿಕೊಳ್ಳುತ್ತಾರೆಯೇ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಚಿಕಿತ್ಸೆ ಶುರುವಾಗಿ ಎರಡು-ಮೂರು ತಿಂಗಳಾದ ಮೇಲೆ ಸ್ಕ್ಯಾನಿನಲ್ಲಿ ಗಡ್ಡೆ ಕುಗ್ಗಿದ್ದರೆ, ರಕ್ತದಲ್ಲಿ ಎ.ಎಫ್.ಪಿ. ಇಳಿದಿದ್ದರೆ, ಮೊದಲ ದಿನದ ಅಂದಾಜು ಹಳತಾಯಿತು ಎಂದೇ ಅರ್ಥ. ಹಾಗಾಗಿ ಮತ್ತೆ ಕೇಳಲು ಸಂಕೋಚ ಬೇಡ.

ಇದನ್ನೆಲ್ಲ ಆ ತಂಗಿಗೆ ಹೇಳಿ, "ಅಪ್ಪನ ಲಿವರ್ ಎ, ಬಿ, ಸಿ ಯಾವುದರಲ್ಲಿದೆ ಅಂತ ಡಾಕ್ಟರನ್ನೇ ಕೇಳಿ" ಅಂದೆ. ಮುಂದಿನ ವಾರ ಫೋನ್ ಬಂತು. "ಬಿ ಅಂತ್ರಿ, ಏಳು. ಸ್ಕ್ಯಾನ್ ನೋಡಿ ಮತ್ತ ಹೇಳ್ತೀನಿ ಅಂದ್ರು. ಯುಗಾದಿತನಕ ಯಾಕ ಕಾಯೂದ್ರಿ, ದಸರಾಕ್ಕ ಅಪ್ಪನ್ನ ಊರಿಗೆ ಕರಕೊಂಡ್ ಹೊಂಟೇವಿ. ಕಲ್ಯಾಣದಿಂದ ಟಿಕೆಟ್ ಆತು." ಆಮೇಲೆ ಅಪ್ಪನಿಗಾಗಿ ಒಂದು ಹಳೆಯ ಹಾಡು ಹಾಕಿ ಎಂದರು. ಈ ಭಾನುವಾರ ಹಾಕುತ್ತಿದ್ದೇವೆ.