ಎಸ್.ಪಿ. ರೋಡಿನಲ್ಲಿ ದನಿ ರಿಪೇರಿ

ಬೆಂಗಳೂರಿನ ಟೌನ್‌ಹಾಲ್ ಕಡೆಯಿಂದ ಎಸ್.ಪಿ. ರೋಡಿಗೆ ಕಾಲಿಟ್ಟರೆ ಅಂಗಡಿ ಕಾಣುವ ಮೊದಲೇ ಕೂಗು ಕೇಳಿಸುತ್ತದೆ. ‘ಏನ್ ಬೇಕು ಸರ್? ಲ್ಯಾಪ್‌ಟಾಪಾ, ಪ್ರಿಂಟರಾ, ಸಿಸಿಟಿವಿನಾ?’ ಫುಟ್‌ಪಾತಿನ ಮೇಲೆ ಕೇಬಲ್ ಸುರುಳಿಗಳ ರಾಶಿ. ಮಾನಿಟರ್ ಪೆಟ್ಟಿಗೆಯನ್ನು ತಲೆಯ ಮೇಲಿಟ್ಟುಕೊಂಡು ‘ಸೈಡ್, ಸೈಡ್’ ಎನ್ನುತ್ತ ನುಗ್ಗುವ ಹಮಾಲಿ. ಹಿಂದಿನ ಸೀಟಿಗೆ ಸಿಪಿಯು ಕ್ಯಾಬಿನೆಟ್ ಕಟ್ಟಿಕೊಂಡು ಜನರ ನಡುವೆಯೇ ದಾರಿ ಮಾಡಿಕೊಳ್ಳುವ ಸ್ಕೂಟರು. ಹೊಸ ಮಾಲೆಲ್ಲ ನೆಲಮಟ್ಟದ ಗಾಜಿನ ಶೋಕೇಸುಗಳಲ್ಲಿ ಹೊಳೆಯುತ್ತಿರುತ್ತದೆ. ರಿಪೇರಿಯವರು ಇರುವುದು ಮೇಲೆ. ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಬೇಕಾದ ಮೆಟ್ಟಿಲು ಹತ್ತಿ, ಎರಡು ತಿರುವು ದಾಟಿದರೆ ಸುಟ್ಟ ಸೋಲ್ಡರಿನ ವಾಸನೆಯೇ ದಾರಿ ತೋರಿಸುತ್ತದೆ.

ಆ ವಾಸನೆಯ ಕೊನೆಯಲ್ಲಿ ಎರಡು ಟೇಬಲ್ಲುಗಳ ಒಂದು ಕೋಣೆ. ಟೇಬಲ್ಲಿನ ಮೇಲೆ ಹಾಟ್ ಏರ್ ಮಷಿನ್, ಮೈಕ್ರೋಸ್ಕೋಪು, ಅಂಚು ಸವೆದ ಮಲ್ಟಿಮೀಟರು. ಗೋಡೆಯ ರ‍್ಯಾಕಿನಲ್ಲಿ ಸತ್ತ ಮದರ್‌ಬೋರ್ಡುಗಳನ್ನು ಪುಸ್ತಕದ ಹಾಗೆ ನಿಲ್ಲಿಸಿದ್ದಾರೆ. ಮೆಕ್ಯಾನಿಕ್‌ಗೆ ಐವತ್ತರ ಆಸುಪಾಸು, ಹಣೆಗೆ ಏರಿಸಿದ ಕನ್ನಡಕ. ನಾನು ಅಲ್ಲಿ ಬೇರೆ ಕೆಲಸಕ್ಕೆ ಕಾಯುತ್ತ ಕೂತಿದ್ದಾಗ ಒಬ್ಬ ಯುವಕ ಗೆಳೆಯನ ಭುಜ ಹಿಡಿದು ಒಳಗೆ ಬಂದ. ಇನ್ನೊಂದು ಕೈಯಲ್ಲಿ ಮಡಚಿದ ಬಿಳಿ ಕೋಲು, ಬೆನ್ನಿಗೆ ಬ್ಯಾಗು.

‘ಅಣ್ಣಾರ, ಹೆಡ್‌ಫೋನ್ ಹಾಕಿದ್ರ ಚಲೋ ಕೇಳಸ್ತೈತ್ರಿ. ತಗದ್ರ ಒಂದ್ ಸಪ್ಪಳಾನೂ ಇಲ್ಲ. ಬ್ಯಾರೆ ಕಡೆ ತೋರಿಸಿದ್ವಿ. ಮದರ್‌ಬೋರ್ಡ್ ಹೋಗೇತಿ, ಹನ್ನೆರಡು ಸಾವಿರ ಆಗ್ತೈತಿ ಅಂದ್ರು.’

‘ಹೆಡ್‌ಫೋನಲ್ಲಿ ಬರ್ತಿದೆ ತಾನೆ? ಹಂಗಾದ್ರೆ ಬೋರ್ಡ್ ಬಗ್ಗೆ ಆಮೇಲೆ ಮಾತಾಡೋಣ. ಕೂತ್ಕೊಳ್ಳಿ.’

ಆತ ಗದಗದ ಕಡೆಯವನು, ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾನೆ. ಅವನ ಲ್ಯಾಪ್‌ಟಾಪಿನಲ್ಲಿ ಇರುವುದು ಎನ್‌ವಿಡಿಎ, ಪರದೆಯ ಮೇಲಿನ ಅಕ್ಷರವನ್ನೆಲ್ಲ ಓದಿ ಹೇಳುವ ತಂತ್ರಾಂಶ. ಆಸ್ಟ್ರೇಲಿಯಾದ ಮೈಕೆಲ್ ಕರ‍್ರನ್, ಸ್ವತಃ ಕಣ್ಣು ಕಾಣದವರು, 2006ರಲ್ಲಿ ಇದನ್ನು ಬರೆಯಲು ತೊಡಗಿದರು. ಈಗಲೂ ಅದು ಉಚಿತ. ಇ-ಸ್ಪೀಕ್ ಎಂಬ ದನಿಯ ನೆರವಿನಿಂದ ಕನ್ನಡವನ್ನೂ ಓದುತ್ತದೆ. ಹಳೆಯ ನುಡಿ ಫಾಂಟಿನಲ್ಲಿ ಟೈಪು ಮಾಡಿದ ನೋಟ್ಸು ಕೊಟ್ಟರೆ ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಒದರುತ್ತದೆ, ಯೂನಿಕೋಡಿನಲ್ಲಿದ್ದರೆ ಸಲೀಸು. ನಮಗೆ ಸ್ಪೀಕರ್ ಕೆಟ್ಟರೆ ಹಾಡು ನಿಲ್ಲುತ್ತದೆ, ಅಷ್ಟೆ. ಅವನಿಗೆ ಅದು ಪರದೆಯೇ ಆರಿಹೋದ ಲೆಕ್ಕ.

ಹೆಡ್‌ಫೋನಿನಲ್ಲೇ ಸುಧಾರಿಸಬಹುದಲ್ಲ ಎಂದು ಕೇಳಿದೆ. ‘ಕಿವಿ ಮುಚ್ಚಿಕೊಂಡ್ ಕುಂತ್ರ ರೂಮಿನ್ಯಾಗ ಯಾರ್ ಬಂದ್ರು, ಯಾರ್ ಹೋದ್ರು ಒಂದೂ ತಿಳಿಯೂದಿಲ್ರಿ. ನಾವು ನಾಕ್ ಮಂದಿ ಕೂಡಿ ಓದೂದು. ಸ್ಪೀಕರ್ ಇದ್ರ ಎಲ್ಲಾರಿಗೂ ಕೇಳಸ್ತೈತಿ.’

ಸಾಮಾನ್ಯ ಕಾರಣಗಳನ್ನು ಮೆಕ್ಯಾನಿಕ್ ಬೇಗಬೇಗ ದಾಟಿಸಿದರು. ಮ್ಯೂಟ್ ಕೀ ಒತ್ತಿಲ್ಲ. ದನಿ ಬ್ಲೂಟೂತಿಗೋ ಎಚ್‌ಡಿಎಂಐ ತಂತಿಯಲ್ಲಿ ಟಿವಿಗೋ ಹೋಗುತ್ತಿಲ್ಲ. ಆಡಿಯೊ ಡ್ರೈವರ್ ತೆಗೆದು ಮತ್ತೆ ಹಾಕಿದ್ದೂ ಆಯಿತು. ಅರ್ಧದಷ್ಟು ಕೇಸುಗಳು ಇಷ್ಟರಲ್ಲೇ ಮುಗಿಯುತ್ತವಂತೆ, ಅದಕ್ಕೆ ಅವರು ದುಡ್ಡು ಕೇಳುವುದಿಲ್ಲ. ಇಲ್ಲಿ ಮುಗಿಯಲಿಲ್ಲ. ಡ್ರಾಯರಿನಿಂದ ಪೆನ್‌ಡ್ರೈವ್ ತೆಗೆದು ಅದರಿಂದ ಉಬುಂಟು ಬೂಟ್ ಮಾಡಿದರು. ವಿಂಡೋಸಿನ ದೋಷವಾಗಿದ್ದರೆ ಇಲ್ಲಿ ದನಿ ಬರಬೇಕು. ಬರಲಿಲ್ಲ. ಸೌಂಡ್ ಸೆಟ್ಟಿಂಗ್ಸ್ ತೆರೆದು, ಪರದೆಯ ಮೇಲೆ ಬೆರಳಿಟ್ಟು ನನಗೆ ತೋರಿಸಿದರು. ಜ್ಯಾಕ್ ಖಾಲಿ ಇದೆ, ಔಟ್‌ಪುಟ್ ಎದುರು ಮಾತ್ರ ‘ಹೆಡ್‌ಫೋನ್ಸ್’ ಎಂದೇ ಇದೆ.

‘ಸಿಕ್ತು ನೋಡಿ. ಏನೂ ಹಾಕ್ದೆ ಇದ್ರೂ ಹೆಡ್‌ಫೋನ್ ಇದೆ ಅಂತ ತಿಳ್ಕೊಂಡಿದೆ.’

ಲ್ಯಾಪ್‌ಟಾಪಿನ ಒಳಗೆ ಹಾಡೂ ಮಾತೂ ಬರೀ ಅಂಕಿ. ಸಾಮಾನ್ಯವಾಗಿ ಸೆಕೆಂಡಿಗೆ 48,000 ಅಂಕಿಗಳಂತೆ ಅವು ಕೋಡೆಕ್ ಎಂಬ ಪುಟ್ಟ ಚಿಪ್ಪಿಗೆ ಹೋಗುತ್ತವೆ. ಅದು ಅಂಕಿಯನ್ನು ವಿದ್ಯುತ್ತಿನ ಏರಿಳಿತವಾಗಿ ಮಾಡುತ್ತದೆ, ಆಂಪ್ಲಿಫೈಯರ್ ಆ ಏರಿಳಿತಕ್ಕೆ ಒಂದೆರಡು ವಾಟಿನ ಬಲ ಕೊಡುತ್ತದೆ. ಅಲ್ಲಿಂದ ಮುಂದೆ ಸ್ಪೀಕರಿನದು ಹಳೆಯ ವಿದ್ಯೆಯೇ. ಅಯಸ್ಕಾಂತದ ನಡುವೆ ತಂತಿಯ ಸುರುಳಿ, ಸುರುಳಿಗೆ ಅಂಟಿದ ಪೊರೆ. ಅಮೆರಿಕದಲ್ಲಿ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ 1925ರಲ್ಲಿ ಪ್ರಕಟಿಸಿದ ವಿನ್ಯಾಸದ ತತ್ವವೇ ಇಂದಿಗೂ ನಡೆಯುತ್ತಿದೆ. 1980ರ ದಶಕದಲ್ಲಿ ಬಂದ ನಿಯೋಡಿಮಿಯಮ್ ಅಯಸ್ಕಾಂತ ಅದನ್ನು ಬೆರಳುದ್ದಕ್ಕೆ ಇಳಿಸಿತು. ಈ ದಾರಿಗೆ ಒಬ್ಬ ಕಾವಲುಗಾರನಿದ್ದಾನೆ. ಹೆಡ್‌ಫೋನ್ ಜ್ಯಾಕಿನೊಳಗೆ ಕೂದಲಿಗಿಂತ ತುಸು ದಪ್ಪದ ಒಂದು ಲೋಹದ ಎಲೆ. ಪಿನ್ನು ಒಳಹೊಕ್ಕಾಗ ಆ ಎಲೆ ಸರಿಯುತ್ತದೆ, ಕೋಡೆಕ್ ಅದನ್ನು ಗಮನಿಸಿ ಸ್ಪೀಕರಿನ ಬಾಯಿ ಮುಚ್ಚಿಸುತ್ತದೆ. ಪಿನ್ನು ತೆಗೆದ ಮೇಲೂ ಎಲೆ ಸರಿದಲ್ಲೇ ನಿಂತುಬಿಟ್ಟರೆ ಸ್ಪೀಕರಿಗೆ ಮಾತಾಡುವ ಅಪ್ಪಣೆ ಸಿಗುವುದೇ ಇಲ್ಲ.

ಬಿಚ್ಚುವುದಕ್ಕೆ ಮುಂಚೆ ಒಂದು ಹಾಳೆಯ ಮೇಲೆ ಲ್ಯಾಪ್‌ಟಾಪಿನ ತಳದ ಚೌಕ ಬರೆದುಕೊಂಡರು. ಯಾವ ತೂತಿನ ಸ್ಕ್ರೂವೋ ಹಾಳೆಯಲ್ಲೂ ಅದೇ ಜಾಗಕ್ಕೆ ಟೇಪಿನಿಂದ ಅಂಟಿಸಿದರು. ಉದ್ದನೆಯ ಸ್ಕ್ರೂವನ್ನು ಗಿಡ್ಡ ತೂತಿಗೆ ಹಾಕಿದರೆ ಅದು ಮೇಲುಭಾಗದ ಪ್ಲಾಸ್ಟಿಕ್ಕನ್ನೋ ಬೋರ್ಡನ್ನೋ ತಿವಿಯುತ್ತದೆ. ಹಾಗೆ ಹಾಳಾದ ಲ್ಯಾಪ್‌ಟಾಪುಗಳೂ ಇವರ ಬಳಿಗೇ ಬರುತ್ತವೆ. ಹಳೆಯ ಸಿಮ್ ಕಾರ್ಡಿನ ಪ್ಲಾಸ್ಟಿಕ್ಕನ್ನು ಸಂದಿಗೆ ತೂರಿಸಿ ಸುತ್ತ ಎಳೆದರು. ಟಕಟಕನೆ ಲಾಕುಗಳು ಬಿಟ್ಟವು. ಮೊದಲು ಕಿತ್ತದ್ದು ಬ್ಯಾಟರಿಯ ಕನೆಕ್ಟರ್. ಆಮೇಲೆ ಸ್ಪೀಕರಿನದು.

ಕಾರಣ ಗೊತ್ತಾಗಿದ್ದರೂ ಸ್ಪೀಕರನ್ನು ಅಳೆಯದೆ ಬಿಡಲಿಲ್ಲ. ಮಲ್ಟಿಮೀಟರಿನ ಮುಳ್ಳುಗಳನ್ನು ಇಟ್ಟಾಗ ಒಂದು ಕಡೆ 3.7, ಇನ್ನೊಂದು ಕಡೆ 3.8. ‘ನಾಲ್ಕು ಓಮಿನ ಸ್ಪೀಕರ್ ಇದು. ಮೀಟರಲ್ಲಿ ಸ್ವಲ್ಪ ಕಮ್ಮಿ ತೋರ್ಸುತ್ತೆ. ಕಾಯಿಲ್ ಸುಟ್ಟಿದ್ರೆ ಓಎಲ್ ಅಂತ ಬರೋದು.’ ಬಳಿಕ ಗೋಡೆ ಗಡಿಯಾರಕ್ಕೆ ಹಾಕುವ ಪೆನ್ ಸೆಲ್ಲನ್ನು ತಂತಿಗೆ ಕ್ಷಣಮಾತ್ರ ತಾಗಿಸಿದರು. ‘ಟಿಕ್’ ಎಂದಿತು. ಇನ್ನೊಂದಕ್ಕೂ ತಾಗಿಸಿದರು. ಯುವಕ ಕತ್ತು ವಾಲಿಸಿ ಕೇಳುತ್ತಿದ್ದ.

‘ಎರಡನೇದು ಸ್ವಲ್ಪ ಮಂದ ಐತ್ರಿ.’

ನನಗೆ ಎರಡೂ ಒಂದೇ ಆಗಿದ್ದವು. ಮೆಕ್ಯಾನಿಕ್ ಮತ್ತೆ ತಾಗಿಸಿ ಕೇಳಿದರು, ಸ್ಪೀಕರನ್ನು ತಿರುಗಿಸಿ ಮೈಕ್ರೋಸ್ಕೋಪಿನ ಕೆಳಗೆ ಹಿಡಿದರು. ಪೊರೆಯ ಅಂಚಿಗೆ ನೂಲಿನಂಥ ಧೂಳು ಗಂಟುಕಟ್ಟಿ ಕೂತಿತ್ತು. ಮೆತ್ತನೆಯ ಬ್ರಷ್ಷಿನಿಂದ ಬಿಡಿಸಿ ಸೆಲ್ ತಾಗಿಸಿದಾಗ ಯುವಕ ‘ಹಾಂ, ಈಗ ಜೋಡಿ ಆತ್ರಿ’ ಎಂದ. ‘ನಿಮ್ಮ ಕಿವಿ ನನ್ನ ಮೀಟರಿಗಿಂತ ಚೆನ್ನಾಗಿದೆ ತಮ್ಮ’ ಎಂದರು ಅವರು. ಅದು ಮುಖಸ್ತುತಿಯ ಮಾತಲ್ಲ.

ಜ್ಯಾಕನ್ನು ಲೆನ್ಸಿನಲ್ಲಿ ನಾನೂ ನೋಡಿದೆ. ಎಲೆ ಒಂದು ಮಗ್ಗುಲಿಗೆ ಬಾಗಿ ಎದುರಿನ ಲೋಹಕ್ಕೆ ಅಂಟಿಕೊಂಡಿತ್ತು. ‘ಹೆಡ್‌ಫೋನ್ ಹಾಕಿದ್ದಾಗ ಕೆಳಗೆ ಬಿದ್ದಿತ್ತಾ?’ ‘ಹೌದ್ರಿ, ಬಸ್ಸಿನ್ಯಾಗ ಬ್ರೇಕ್ ಹಾಕಿದಾಗ ತೊಡಿ ಮ್ಯಾಲಿಂದ ಜಾರಿತ್ತು.’ ಬಿದ್ದ ಹೊಡೆತಕ್ಕೆ ಪಿನ್ನೇ ಸನ್ನೆಯಾಗಿ ಎಲೆಯನ್ನು ಮಣಿಸಿತ್ತು. ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ ತೊಳೆದು, ಸೂಜಿಯಿಂದ ಎತ್ತಿ ನಿಲ್ಲಿಸಿದರೂ ಮತ್ತೆ ಬಾಗಿತು. ಅದರ ಪುಟಿಯುವ ಗುಣವೇ ಹೋಗಿತ್ತು.

ರ‍್ಯಾಕಿನಿಂದ ಎರಡು ಸ್ಕ್ರ್ಯಾಪ್ ಬೋರ್ಡು ಇಳಿದವು. ಎರಡರಲ್ಲೂ ನೋಡಲು ಅದೇ ರೂಪದ ಜ್ಯಾಕ್. ಈ ಜ್ಯಾಕುಗಳಲ್ಲಿ ಎರಡು ಜಾತಿ: ಪಿನ್ನು ಹೊಕ್ಕಾಗ ಸಂಪರ್ಕ ಕೂಡಿಸುವಂಥದ್ದು, ಹೊಕ್ಕಾಗ ಬಿಡಿಸುವಂಥದ್ದು. ತಪ್ಪಿದ್ದನ್ನು ಹಾಕಿದರೆ ಹೆಡ್‌ಫೋನ್ ಸಿಕ್ಕಿಸಿದಾಗ ಸ್ಪೀಕರ್ ಕೂಗುತ್ತದೆ, ತೆಗೆದಾಗ ಮೂಕವಾಗುತ್ತದೆ. ಮಲ್ಟಿಮೀಟರನ್ನು ಬೀಪ್‌ಗೆ ತಿರುಗಿಸಿ, ಹಾಳಾದ ಹೆಡ್‌ಫೋನಿನ ಪಿನ್ನನ್ನು ಹಾಕಿ ತೆಗೆದು, ಎರಡನೆಯ ಬೋರ್ಡಿನದೇ ಸರಿ ಎಂದು ತೀರ್ಮಾನಿಸಿದರು. ಸುತ್ತಲಿನ ಪ್ಲಾಸ್ಟಿಕ್ ಕರಗದಂತೆ ಬಿಸಿ ತಡೆಯುವ ಹಳದಿ ಟೇಪು ಸುತ್ತಿದರು. ಬಿಸಿಗಾಳಿಗೆ ಸೋಲ್ಡರ್ ಮೊದಲು ಮಂಕಾಗಿ, ನೋಡುತ್ತಿದ್ದಂತೆ ಕನ್ನಡಿಯಂತೆ ಮಿನುಗಿತು. ಆ ಮಿನುಗು ಕಂಡೊಡನೆ ಚಿಮಟದಿಂದ ಹಳೆಯದನ್ನು ಎತ್ತಿದರು. ಸ್ಕ್ರ್ಯಾಪ್ ಬೋರ್ಡಿನಿಂದ ಹಾಗೆಯೇ ಬಿಡಿಸಿದ ಜ್ಯಾಕನ್ನು ಕೂರಿಸುವಾಗ ಇಬ್ಬರೂ ಗೆಳೆಯರು ಮಾತು ನಿಲ್ಲಿಸಿದ್ದರು.

ಬ್ಯಾಟರಿ ಜೋಡಿಸಿ ವಿಂಡೋಸ್ ಬಂದ ಮೇಲೆ ಲ್ಯಾಪ್‌ಟಾಪನ್ನು ಯುವಕನ ಕೈಗೇ ಕೊಟ್ಟರು. ಅವನು ಕಂಟ್ರೋಲ್, ಆಲ್ಟ್, ಎನ್ ಒತ್ತಿದ. ಎರಡೂ ಕಡೆಯಿಂದ ದನಿ ಹೊರಟಿತು. ನನಗೆ ಒಂದು ಪದವೂ ಹಿಡಿಯಲಾಗದ ವೇಗ. ಅವನ ಬೆರಳು ಆಗಲೇ ಬಾಣದ ಕೀಲಿಯ ಮೇಲೆ ಸಾಲಿನಿಂದ ಸಾಲಿಗೆ ಇಳಿಯುತ್ತಿತ್ತು. ಕೂಲಿ, ಜ್ಯಾಕು ಎಲ್ಲ ಸೇರಿ ಆರುನೂರು ರೂಪಾಯಿ.

ಹನ್ನೆರಡು ಸಾವಿರಕ್ಕೂ ಆರುನೂರಕ್ಕೂ ನಡುವೆ ಇದ್ದದ್ದು ಅಳೆಯುವ ತಾಳ್ಮೆ ಮಾತ್ರ. ಎಲ್ಲ ರಿಪೇರಿಗೂ ತಾಳ್ಮೆಯೊಂದೇ ಸಾಲದು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು ರಿಪೇರಿಯ ಹಕ್ಕಿಗೆಂದೇ ಒಂದು ಪೋರ್ಟಲ್ ತೆರೆಯಿತು. ಹೊಸ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಇವು ಬೇಕಾದವೇ. ಆದರೆ ಇಂಥ ಕೋಣೆಯ ಮೆಕ್ಯಾನಿಕ್‌ಗೆ ಮೊದಲು ಬೇಕಾದದ್ದು ಬೋರ್ಡಿನ ಸರ್ಕ್ಯೂಟ್ ನಕ್ಷೆ ಮತ್ತು ಬಿಡಿಭಾಗ. ಅವನ್ನು ಕಂಪನಿಗಳು ಎಲ್ಲ ರಿಪೇರಿಯವರಿಗೂ ಕೊಡಬೇಕು. ಒಂದು ಜ್ಯಾಕಿಗಾಗಿ ಇಡೀ ಬೋರ್ಡ್ ಕಸಕ್ಕೆ ಹೋಗುವುದು ತಪ್ಪಬೇಕಾದರೆ ಬೇರೆ ದಾರಿಯಿಲ್ಲ.

ನಿಮ್ಮ ಲ್ಯಾಪ್‌ಟಾಪಿನ ದನಿ ನಿಂತರೆ ಮೊದಲು ಒಂದು ಹೆಡ್‌ಫೋನ್ ಸಿಕ್ಕಿಸಿ ನೋಡಿ. ಅದರಲ್ಲಿ ಕೇಳಿಸಿದರೆ ನಾಲ್ಕಾರು ಸಲ ಹಾಕಿ ತೆಗೆಯಿರಿ, ಎಷ್ಟೋ ಸಲ ಎಲೆ ತಾನೇ ಬಿಡಿಸಿಕೊಳ್ಳುತ್ತದೆ. ಅಷ್ಟಕ್ಕೂ ಆಗದೆ ಅಂಗಡಿಗೆ ಒಯ್ದರೆ, ಸ್ಪೀಕರಿನ ಓಮ್ ಎಷ್ಟು ಬಂತು ಎಂದು ಕೇಳಿ. ಮೀಟರ್ ಮುಟ್ಟದೆಯೇ ಮದರ್‌ಬೋರ್ಡ್ ಬದಲಿಸಿ ಎನ್ನುವವರ ಕೈಯಿಂದ ಲ್ಯಾಪ್‌ಟಾಪನ್ನು ವಾಪಸ್ ತೆಗೆದುಕೊಳ್ಳಿ.