ಮೆಣಸಿನಕಾಯಿ ಅಂಗಳದಲ್ಲಿ ಎಂಜಿನಿಯರಿಂಗ್

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಹುಬ್ಬಳ್ಳಿ–ಬೆಂಗಳೂರು ರೈಲು ಮಾರ್ಗದಲ್ಲಿ ಒಂದರ ಹಿಂದೊಂದು ಬರುವ ಊರುಗಳು. ಹಾವೇರಿ ಪಕ್ಕದ ದೇವಗಿರಿಯಲ್ಲಿ 2007ರಲ್ಲಿ ಶುರುವಾದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ರಾಣೆಬೆನ್ನೂರಿನಲ್ಲಿ 1980ರಷ್ಟು ಹಿಂದಿನ ಎಸ್‌ಟಿಜೆ ತಾಂತ್ರಿಕ ಮಹಾವಿದ್ಯಾಲಯವಿದೆ. ನಡುವಿನ ಬ್ಯಾಡಗಿಯಲ್ಲಿರುವುದು ಮೆಣಸಿನಕಾಯಿ ಮಾರುಕಟ್ಟೆ. ಈ ಕಾಲೇಜುಗಳ ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಪ್ರಯೋಗಾಲಯ ಬೆಂಗಳೂರಿನಲ್ಲೂ ಸಿಗುವುದಿಲ್ಲ.

ಹಂಗಾಮಿನ ಸೋಮವಾರವೋ ಗುರುವಾರವೋ ಎಪಿಎಂಸಿ ಪ್ರಾಂಗಣಕ್ಕೆ ಹೋದರೆ ಕಣ್ಣು ಹಾಯುವಷ್ಟು ದೂರ ಕೆಂಪು ಚೀಲಗಳ ಸಾಲು. 2011ರಲ್ಲಿ ಭೌಗೋಳಿಕ ಸೂಚಿಕೆ (ಜಿಐ) ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಯಲ್ಲಿ ಡಬ್ಬಿ, ಕಡ್ಡಿ ಎಂಬ ಎರಡು ಬಗೆ. ಖಾರ ಕಡಿಮೆ, ಬಣ್ಣ ಗಾಢ. ದರ ನಿಲ್ಲುವುದೇ ಬಣ್ಣ ಮತ್ತು ಒಣಗಿದ ಹದದ ಮೇಲೆ. ಟೆಂಡರ್ ಕಂಪ್ಯೂಟರಿಗೆ ಬಂದು ವರ್ಷಗಳಾದವು. ಆದರೆ ಹದವನ್ನು ಬಹುಪಾಲು ಇವತ್ತಿಗೂ ಮುಷ್ಟಿಯಲ್ಲಿ ಹಿಡಿದು, ಮುರಿದು ನೋಡಿಯೇ ಹೇಳುತ್ತಾರೆ. ‘ಇನ್ನೂ ಹಸಿ ಐತಿ’ ಎಂದು ದರ ಇಳಿಸಿದರೆ ರೈತನ ಕೈಯಲ್ಲಿ ಎದುರು ಪುರಾವೆ ಇರುವುದಿಲ್ಲ. 2024ರ ಮಾರ್ಚ್ 11ರಂದು ದರ ಕುಸಿದಾಗ ರೊಚ್ಚಿಗೆದ್ದ ರೈತರು ಇಲ್ಲಿ ವಾಹನಗಳಿಗೆ ಬೆಂಕಿ ಹಚ್ಚಿದ್ದರು. ದರ ಬೀಳಲು ಕಾರಣ ನೂರಿರಬಹುದು. ಆದರೂ ಚೀಲದ ಬಾಯಲ್ಲೇ ತೇವಾಂಶ ತೋರಿಸುವ, ಸಣ್ಣ ರೈತನೂ ಕೊಳ್ಳಬಲ್ಲ ಒಂದು ಮೀಟರ್ ರೈತ–ವರ್ತಕರ ನಡುವಿನ ಅಪನಂಬಿಕೆಯನ್ನು ಸ್ವಲ್ಪವಾದರೂ ತಗ್ಗಿಸೀತು. ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳಿಗೆ ಇದು ಅಳವಿಗೆ ಮೀರಿದ ಕೆಲಸವೇನಲ್ಲ.

ಮೆಣಸಿನಕಾಯಿಯ ಕೆಂಪಿಗೆ ಮುಖ್ಯ ಕಾರಣ ಕ್ಯಾಪ್ಸಾಂಥಿನ್ ಎಂಬ ವರ್ಣದ್ರವ್ಯ. ಬಿಸಿಲು, ಸೆಕೆ, ಗಾಳಿ ತಗುಲಿದಂತೆಲ್ಲ ಅದು ಮಾಸುತ್ತದೆ. ಬ್ಯಾಡಗಿಯ ಸುತ್ತ ಶೈತ್ಯಾಗಾರಗಳು ಎದ್ದಿರುವುದು ಇದಕ್ಕೇ. ಪುಸ್ತಕದಲ್ಲಿ ಶೈತ್ಯೀಕರಣ ಚಕ್ರದ ಚಿತ್ರ ಬಿಡಿಸಿದ ಮೆಕ್ಯಾನಿಕಲ್ ಹುಡುಗ ಅಲ್ಲಿನ ಕಂಪ್ರೆಸರ್ ಕೋಣೆಯಲ್ಲಿ ವಾರ ಕಳೆಯಲಿ. ಬಾಗಿಲು ಎಷ್ಟು ಸಲ ತೆರೆದರೆ ಕರೆಂಟ್ ಬಿಲ್ ಎಷ್ಟು ಏರುತ್ತದೆಂದು ಲೆಕ್ಕ ಹಾಕಲಿ. ಬಣ್ಣವನ್ನು ದ್ರಾವಕದಿಂದ ಹಿಂಡಿ ಓಲಿಯೊರೆಸಿನ್ ತೆಗೆಯುವ ಘಟಕಗಳೂ ಈ ಭಾಗದಲ್ಲಿವೆ.

ನನ್ನನ್ನು ಹೆಚ್ಚು ಕಾಡುವುದು ತೊಟ್ಟು ಬಿಡಿಸುವ ಕೆಲಸ. ರಾಶಿಯ ಮುಂದೆ ಕೂತ ಹೆಂಗಸರು ದಿನವಿಡೀ ಬರಿಗೈಯಲ್ಲಿ ತೊಟ್ಟು ಮುರಿಯುತ್ತಾರೆ. ಅಂಗೈ ಉರಿ, ಕೆಮ್ಮು, ಸೀನು. ಯಂತ್ರ ಮಾಡುವುದು ಸುಲಭವಲ್ಲ: ಕಾಯಿ ತೆಳು, ಸುಕ್ಕು ಸುಕ್ಕು. ಹೆಚ್ಚು ಒಣಗಿದ್ದರೆ ಪುಡಿಯಾಗಿ ಬೀಜ ಉದುರುತ್ತದೆ, ಹಸಿಯಿದ್ದರೆ ತೊಟ್ಟು ಕಿತ್ತು ಬರುವುದಿಲ್ಲ. ಯಂತ್ರ ಬಂದರೆ ಆ ಹೆಂಗಸರ ಕೂಲಿ ಏನಾಗುತ್ತದೆ ಎಂಬುದನ್ನೂ ವಿದ್ಯಾರ್ಥಿ ಅವರ ಪಕ್ಕದಲ್ಲೇ ಕೂತು ಕೇಳಬೇಕು. ಅವರೇ ನಡೆಸಬಹುದಾದ ಸಣ್ಣ ಯಂತ್ರ ಆಗ ಹೊಳೆದೀತು.

ಇಂಥ ಕೆಲಸಕ್ಕೆ ಮಾದರಿಯೂ ಹತ್ತಿರದಲ್ಲೇ ಇದೆ. ಪಕ್ಕದ ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ್ ಅವರಿಗೆ ಎಂಜಿನಿಯರಿಂಗ್ ಪದವಿ ಇಲ್ಲ. ಹುಣಸೆಯಿಂದ ಬೀಜ ಬೇರ್ಪಡಿಸುವ ಯಂತ್ರ, ಬಿತ್ತುವ ಕೂರಿಗೆ ಮುಂತಾದವನ್ನು ರೂಪಿಸಿದ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಹೊಲದ ತೊಂದರೆಯೇ ಅವರಿಗೆ ಪಠ್ಯವಾಗಿತ್ತು.

ರಾಣೆಬೆನ್ನೂರಿನದು ಬೀಜದ ಕಥೆ. ಹೈಬ್ರಿಡ್ ತರಕಾರಿ ಬೀಜೋತ್ಪಾದನೆಗೆ ಹೆಸರಾದ ಸೀಮೆಯಿದು. ತೂಕ, ಗಾತ್ರ ನೋಡಿ ಬೀಜ ವಿಂಗಡಿಸುವ ಯಂತ್ರಗಳಿಲ್ಲಿ ಕಲಿಕೆಯ ಸರಕು. ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ ಹತ್ತಿರದಲ್ಲೇ ಇದೆ. ಸಿವಿಲ್ ಓದುವವರಿಗೆ ತುಂಗಾ ಮೇಲ್ದಂಡೆ ಕಾಲುವೆ, ಚೌಡದಾನಪುರದ ಮುಕ್ತೇಶ್ವರ ದೇಗುಲದ ಕಲ್ಲುಕೆಲಸ ಇವೆ.

ಅವಕಾಶಕ್ಕೆ ದಾರಿಯೂ ಇದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2022ರ ಪಠ್ಯಕ್ರಮ ಕೊನೆಯ ವರ್ಷದಲ್ಲಿ 14ರಿಂದ 20 ವಾರಗಳ ಇಂಟರ್ನ್‌ಶಿಪ್ ಕೇಳುತ್ತದೆ. ಅದರ ಮೇಲೆ ಸಮಾಜಮುಖಿ ಕೆಲಸಕ್ಕೆ 100 ಚಟುವಟಿಕೆ ಅಂಕಗಳನ್ನು ಗಳಿಸಬೇಕು. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977ರಿಂದ ವಿದ್ಯಾರ್ಥಿ ಪ್ರಾಜೆಕ್ಟುಗಳಿಗೆ ಹಣ ಕೊಡುತ್ತಿದೆ. ಇಷ್ಟಿದ್ದೂ ದುಡ್ಡು ಕಟ್ಟಿ ಆನ್‌ಲೈನ್ ಪ್ರಮಾಣಪತ್ರ ತರುವುದು, ಯಾರೋ ಮಾಡಿದ ಪ್ರಾಜೆಕ್ಟನ್ನು ಕೊಂಡು ತರುವುದು ನಡೆದೇ ಇದೆ. ನಾಲ್ಕು ವರ್ಷದ ಓದಿಗೆ ಇದಕ್ಕಿಂತ ದೊಡ್ಡ ನಷ್ಟ ಬೇರಿಲ್ಲ.

ಬ್ಯಾಡಗಿಯ ವರ್ತಕರಲ್ಲಿ, ಶೈತ್ಯಾಗಾರದ ಮಾಲೀಕರಲ್ಲಿ ಒಂದು ವಿನಂತಿ: ಹಂಗಾಮಿಗೆ ನಾಲ್ಕೈದು ವಿದ್ಯಾರ್ಥಿಗಳನ್ನಾದರೂ ಒಳಗೆ ಬಿಟ್ಟುಕೊಳ್ಳಿ. ಅಧ್ಯಾಪಕರೇ, ಮುಂದಿನ ಪ್ರಾಜೆಕ್ಟುಗಳ ವಿಷಯ ಗೊತ್ತುಮಾಡುವ ಮೊದಲು ಮಕ್ಕಳನ್ನು ಒಂದು ಸೋಮವಾರ ಮಾರುಕಟ್ಟೆಗೆ ಕರೆದುಕೊಂಡು ಬನ್ನಿ.