ಗೆದ್ದರೂ ಹೊರಬಿದ್ದ ಜಪಾನ್: ರಗ್ಬಿಯಲ್ಲಿ ಸಣ್ಣ ತಂಡಗಳಿಗೆ ನ್ಯಾಯ ಸಿಗುವುದೆಂದು?

2015ರ ಸೆಪ್ಟೆಂಬರ್ 19. ಇಂಗ್ಲೆಂಡಿನ ಬ್ರೈಟನ್‌ನಲ್ಲಿ ನಡೆದ ರಗ್ಬಿ ವಿಶ್ವಕಪ್ ಪಂದ್ಯದಲ್ಲಿ ಜಪಾನ್, ಎರಡು ಬಾರಿಯ ಚಾಂಪಿಯನ್ ದಕ್ಷಿಣ ಆಫ್ರಿಕವನ್ನು 34-32ರಿಂದ ಸೋಲಿಸಿತು. ರಗ್ಬಿ ಲೋಕವೇ ಬೆರಗಾಯಿತು. ಆದರೆ ಸಂಭ್ರಮಕ್ಕೆ ಪುರುಸೊತ್ತಿರಲಿಲ್ಲ. ಸೆಪ್ಟೆಂಬರ್ 23ರಂದೇ ಅದು ಸ್ಕಾಟ್ಲೆಂಡ್ ವಿರುದ್ಧ ಕಣಕ್ಕಿಳಿಯಬೇಕಾಯಿತು. ಸ್ಕಾಟ್ಲೆಂಡಿಗೆ ಅದು ಟೂರ್ನಿಯ ಮೊದಲ ಪಂದ್ಯ. ದಣಿದಿದ್ದ ಜಪಾನ್ 10-45ರಿಂದ ಸೋತಿತು. ಆಮೇಲೆ ಸಮೋವ ಮತ್ತು ಅಮೆರಿಕವನ್ನು ಮಣಿಸಿದರೂ ಕ್ವಾರ್ಟರ್ ಫೈನಲ್ ಬಾಗಿಲು ತೆರೆಯಲಿಲ್ಲ. ಗುಂಪಿನಲ್ಲಿ ಮೂರು ಪಂದ್ಯ ಗೆದ್ದೂ ಹೊರಬಿದ್ದ ಮೊದಲ ತಂಡ ಎಂಬ ಹೆಸರಷ್ಟೇ ಅದಕ್ಕೆ ಉಳಿಯಿತು.

ಸಣ್ಣ ತಂಡಗಳು ಸೋಲುವುದು ಮೈದಾನದಲ್ಲಿ ಮಾತ್ರವಲ್ಲ; ವೇಳಾಪಟ್ಟಿ, ನಿಯಮ, ಹಣ, ಮತ ಇವುಗಳಲ್ಲಿ ಮೊದಲೇ ಅರ್ಧ ಸೋತಿರುತ್ತವೆ ಎಂಬುದಕ್ಕೆ ಇದೊಂದು ಉದಾಹರಣೆ.

ವಿಶ್ರಾಂತಿಯ ಲೆಕ್ಕ

ರಗ್ಬಿ ಎಂದರೆ ತಂಡಕ್ಕೆ 15 ಮಂದಿ, 80 ನಿಮಿಷ, ಮೈಗೆ ಮೈ ಡಿಕ್ಕಿ ಹೊಡೆಯುವ ಆಟ. ಪೆಟ್ಟು ಮಾಗಲು ಒಂದು ದಿನ ಹೆಚ್ಚು ಸಿಕ್ಕರೂ ಅದು ದೊಡ್ಡ ಲಾಭ. ಟಿವಿ ವೀಕ್ಷಕರನ್ನು ಸೆಳೆಯುವ ದೊಡ್ಡ ತಂಡಗಳಿಗೆ ವಾರಾಂತ್ಯದ ಪಂದ್ಯ, ಸಣ್ಣ ತಂಡಗಳಿಗೆ ನಡುವಾರದ ಪಂದ್ಯ ಎಂಬುದು ಹಲವು ವಿಶ್ವಕಪ್‌ಗಳಲ್ಲಿ ನಡೆದುಬಂದ ರೂಢಿ. 2023ರ ಫ್ರಾನ್ಸ್ ವಿಶ್ವಕಪ್‌ನಲ್ಲಿ ಇದು ಬದಲಾಯಿತು. ಪ್ರತಿ ತಂಡಕ್ಕೂ ಕನಿಷ್ಠ ಐದು ದಿನ ವಿಶ್ರಾಂತಿ ಕಡ್ಡಾಯವಾಯಿತು, ತಂಡದ ಬಲ 33 ಆಟಗಾರರಿಗೆ ಏರಿತು. ಅದೇ ಟೂರ್ನಿಯಲ್ಲಿ ಪೋರ್ಚುಗಲ್ ತಂಡ ಫಿಜಿಯನ್ನು 24-23ರಿಂದ ಸೋಲಿಸಿ ವಿಶ್ವಕಪ್‌ನಲ್ಲಿ ತನ್ನ ಮೊದಲ ಗೆಲುವು ಕಂಡಿತು.

ಆಟಗಾರ ಯಾರ ಪಾಲು?

ಪೆಸಿಫಿಕ್ ಸಾಗರದ ಸಮೋವದ ಜನಸಂಖ್ಯೆ ಸುಮಾರು ಎರಡು ಲಕ್ಷ, ಟೊಂಗದ್ದು ಸುಮಾರು ಒಂದು ಲಕ್ಷ. ಆದರೂ ಈ ದ್ವೀಪಗಳ ಮೂಲದವರು ನ್ಯೂಜಿಲೆಂಡ್, ಆಸ್ಟ್ರೇಲಿಯ ತಂಡಗಳಲ್ಲಿ ಸದಾ ಕಾಣುತ್ತಾರೆ. ಹಿಂದಿನ ನಿಯಮದಂತೆ, ದೊಡ್ಡ ದೇಶದ ಪರ ಒಂದೇ ಒಂದು ಪಂದ್ಯ ಆಡಿದವನೂ ಸಾಮಾನ್ಯವಾಗಿ ಜೀವನವಿಡೀ ಆ ದೇಶಕ್ಕೇ ಸೇರಿದವನು. ಅಲ್ಲಿ ಕೈಬಿಟ್ಟರೆ ತಾಯ್ನಾಡಿನ ಬಾಗಿಲೂ ಮುಚ್ಚಿದಂತೆ.

2022ರ ಜನವರಿ 1ರಿಂದ ಈ ಬೀಗ ಸಡಿಲವಾಯಿತು. ಮೂರು ವರ್ಷ ಅಂತರರಾಷ್ಟ್ರೀಯ ಪಂದ್ಯ ಆಡದಿದ್ದವನು ತಾನು, ತಂದೆತಾಯಿ ಅಥವಾ ಅಜ್ಜಅಜ್ಜಿ ಹುಟ್ಟಿದ ದೇಶಕ್ಕೆ ಒಮ್ಮೆ ಬದಲಾಗಬಹುದು. ನ್ಯೂಜಿಲೆಂಡ್ ಪರ 17 ಟೆಸ್ಟ್ ಆಡಿದ್ದ ಚಾರ್ಲ್ಸ್ ಪಿಯುಟೌ ಹೀಗೆಯೇ ಟೊಂಗದ ಅಂಗಿ ತೊಟ್ಟರು. ನ್ಯೂಜಿಲೆಂಡಿನ ಲೀಮಾ ಸೊಪೊಆಗಾ, ಆಸ್ಟ್ರೇಲಿಯದ ಕ್ರಿಶ್ಚಿಯನ್ ಲಿಯಾಲಿಫಾನೊ ಸಮೋವಕ್ಕೆ ಬಂದರು. 2023ರ ವಿಶ್ವಕಪ್‌ನಲ್ಲಿ ಸಮೋವ ಇಂಗ್ಲೆಂಡಿಗೆ ಸೋತದ್ದು ಒಂದೇ ಅಂಕದಿಂದ, 17-18.

ಗೇಟು ಹಣ, ಮತದ ತೂಕ

ವಿಶ್ವಕಪ್ ಬಿಟ್ಟರೆ ಉಳಿದ ಟೆಸ್ಟ್‌ಗಳಲ್ಲಿ ಟಿಕೆಟ್ ಹಣ ಆತಿಥೇಯರ ಜೇಬಿಗೆ ಎಂಬುದು ಹಳೆಯ ಪದ್ಧತಿ. ಲಂಡನ್ನಿನ ಟ್ವಿಕನ್‌ಹ್ಯಾಮ್ ಕ್ರೀಡಾಂಗಣದಲ್ಲಿ 80 ಸಾವಿರ ಜನ ತುಂಬಿದರೂ ಎದುರಾಳಿಗೆ ಅದರಲ್ಲಿ ಪಾಲಿಲ್ಲ. ತಾವೂ ಅತಿಥಿಯಾಗಿ ಬರುತ್ತೇವಲ್ಲ, ಲೆಕ್ಕ ಸರಿಹೋಗುತ್ತದೆ ಎಂಬುದು ದೊಡ್ಡವರ ವಾದ. ಆದರೆ ದೊಡ್ಡವರು ಸಣ್ಣವರ ಊರಿಗೆ ಹೋಗುವುದೇ ಅಪರೂಪ. ನ್ಯೂಜಿಲೆಂಡ್ ಸಮೋವದ ನೆಲದಲ್ಲಿ ಮೊದಲ ಟೆಸ್ಟ್ ಆಡಿದ್ದು 2015ರ ಜುಲೈಯಲ್ಲಿ. 2017ರಲ್ಲಿ ಸಮೋವ ರಗ್ಬಿ ಸಂಸ್ಥೆ ದಿವಾಳಿ ಎಂದು ಅದರ ಮುಖ್ಯಸ್ಥರೇ ಹೇಳಿದಾಗ ಇಂಗ್ಲೆಂಡ್ 75 ಸಾವಿರ ಪೌಂಡ್ ಕೊಟ್ಟಿತು. ಅದು ಸೌಹಾರ್ದದ ಕೊಡುಗೆ, ಹಕ್ಕಿನ ಪಾಲಲ್ಲ.

ಪದ್ಧತಿ ಬದಲಿಸಲು ಮತ ಬೇಕು. 2020ರಲ್ಲಿ ವಿಶ್ವ ರಗ್ಬಿ ಸಂಸ್ಥೆಯ ಅಧ್ಯಕ್ಷ ಸ್ಥಾನಕ್ಕೆ ಚುನಾವಣೆ ನಡೆದಾಗ ಒಟ್ಟು ಮತ 51. ಅದರಲ್ಲಿ 30 ಮತ ಹತ್ತು ದೊಡ್ಡ ದೇಶಗಳವು, ತಲಾ ಮೂರು. ಫಿಜಿ, ಸಮೋವಗಳಿಗೆ ತಲಾ ಒಂದು. ಬದಲಾವಣೆ ಬೇಕೆಂದು ಸ್ಪರ್ಧಿಸಿದ್ದ ಅರ್ಜೆಂಟೀನದ ಮಾಜಿ ನಾಯಕ ಅಗಸ್ಟಿನ್ ಪಿಚೊ 23-28ರಿಂದ ಸೋತರು.

ಆಡಿದರೆ ತಾನೇ ಕಲಿಯುವುದು

ನೀರಿಗಿಳಿಯದೆ ಈಜು ಬರುವುದಿಲ್ಲ. ಅರ್ಜೆಂಟೀನವೇ ಇದಕ್ಕೆ ಸಾಕ್ಷಿ. 2007ರ ವಿಶ್ವಕಪ್‌ನಲ್ಲಿ ಮೂರನೇ ಸ್ಥಾನ ಪಡೆದರೂ ಅದಕ್ಕೆ ವಾರ್ಷಿಕ ಟೂರ್ನಿಯಲ್ಲಿ ಜಾಗ ಸಿಕ್ಕಿದ್ದು 2012ರಲ್ಲಿ. ಪ್ರತಿವರ್ಷ ಬಲಿಷ್ಠರೊಡನೆ ಸೆಣಸಿ 2020ರಲ್ಲಿ ಮೊದಲ ಬಾರಿ ನ್ಯೂಜಿಲೆಂಡನ್ನು ಸೋಲಿಸಿತು. ಫಿಜಿಯದೂ ಇದೇ ದಾರಿ. ಅದರ ವೃತ್ತಿಪರ ತಂಡ ದ್ರುವಾ 2022ರಲ್ಲಿ ಸೂಪರ್ ರಗ್ಬಿ ಸೇರಿತು. ಮರುವರ್ಷ ಫಿಜಿ, ಇಂಗ್ಲೆಂಡ್ ಮತ್ತು ಆಸ್ಟ್ರೇಲಿಯ ಎರಡನ್ನೂ ಮಣಿಸಿತು.

ಕ್ರಿಕೆಟ್ ಬಲ್ಲವರಿಗೆ ಕೆನ್ಯಾ ನೆನಪಾಗಬಹುದು. 2003ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಭಾರತವನ್ನು ಎದುರಿಸಿದ ಆ ತಂಡಕ್ಕೆ ಟೆಸ್ಟ್ ಮಾನ್ಯತೆಯೂ ಸಿಗಲಿಲ್ಲ, ದೊಡ್ಡ ತಂಡಗಳೊಡನೆ ಸಾಕಷ್ಟು ಪಂದ್ಯಗಳೂ ಸಿಗಲಿಲ್ಲ. ಕ್ರಮೇಣ ಮರೆಗೆ ಸರಿಯಿತು.

ರಗ್ಬಿಯಲ್ಲಿ ಜಾರ್ಜಿಯ ಈಗ ಅದೇ ಅಂಚಿನಲ್ಲಿದೆ. 2022ರಲ್ಲಿ ಇಟಲಿಯನ್ನೂ, ವೇಲ್ಸನ್ನು ಅದರದೇ ಕಾರ್ಡಿಫ್‌ನಲ್ಲೂ ಸೋಲಿಸಿತು. ಆದರೂ ಯುರೋಪಿನ ಸಿಕ್ಸ್ ನೇಷನ್ಸ್ ಟೂರ್ನಿಗೆ ಅದಕ್ಕೆ ಪ್ರವೇಶವಿಲ್ಲ. ಅಲ್ಲಿ ಬಡ್ತಿಯೂ ಇಲ್ಲ, ಹಿಂಬಡ್ತಿಯೂ ಇಲ್ಲ.

2023ರ ಅಕ್ಟೋಬರಿನಲ್ಲಿ ಎರಡು ದೊಡ್ಡ ತೀರ್ಮಾನಗಳಾದವು. 2027ರ ಆಸ್ಟ್ರೇಲಿಯ ವಿಶ್ವಕಪ್‌ಗೆ 20ರ ಬದಲು 24 ತಂಡಗಳು. 2026ರಿಂದ 12 ತಂಡಗಳ ಎರಡು ವಿಭಾಗಗಳ ಹೊಸ ಸ್ಪರ್ಧೆ. ಮೇಲಿನ ವಿಭಾಗದಲ್ಲಿ ಹತ್ತು ದೊಡ್ಡವರ ಜತೆ ಜಪಾನ್, ಫಿಜಿ. ಆದರೆ ಕೆಳಗಿನಿಂದ ಮೇಲೇರುವ ಅವಕಾಶ 2030ರಿಂದ ಮಾತ್ರ. ಜಾರ್ಜಿಯ, ಸಮೋವಗಳಂಥ ತಂಡಗಳು ಅಲ್ಲಿಯವರೆಗೆ ಎಷ್ಟೇ ಗೆದ್ದರೂ ಹೊಸಿಲು ದಾಟುವಂತಿಲ್ಲ. ಒಬ್ಬ ರಗ್ಬಿ ಆಟಗಾರನ ಬಾಳಿನಲ್ಲಿ ನಾಲ್ಕು ವರ್ಷ ಸಣ್ಣ ಅವಧಿಯೇನಲ್ಲ.